ವಠಾರ ಕಟ್ಟಿದೆವು, ಬಂದವರು ಯಾರು?

"ಈ ಕಾಲದಲ್ಲಿ ವಠಾರ ಯಾರಿಗೆ ಬೇಕು ಮೇಡಂ?" ಅಂತ ಸೈಟ್ ಬ್ರೋಕರ್ ನಕ್ಕಿದ್ದರು. ತುಮಕೂರಿನ ಕ್ಯಾತ್ಸಂದ್ರದ ಹತ್ತಿರ ಅಕ್ಕಪಕ್ಕದ ಎರಡು ಸೈಟು, ನಡುವೆ ಅಂಗಳ, ಸುತ್ತ ಆರು ಮನೆ, ಎಲ್ಲರಿಗೂ ಸೇರಿ ಒಂದು ದೊಡ್ಡ ಅಡುಗೆಮನೆ. ಬಚ್ಚಲು, ಕಾಫಿ ಕಾಯಿಸೋಕೆ ಒಂದು ಸಣ್ಣ ಒಲೆ ಮಾತ್ರ ಅವರವರ ಮನೆಯೊಳಗೇ ಇದೆ. ಅದನ್ನೂ ಹಂಚಿಕೊಳ್ಳಿ ಅಂದಿದ್ದರೆ ನಾನೇ ಬರುತ್ತಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಹಳೇ ವಠಾರದಲ್ಲಿ, ಎಂಟು ಮನೆಗೆ ಒಂದು ನಲ್ಲಿ, ಬೆಳಗಾದರೆ ಚೊಂಬು ಹಿಡಿದು ಸಾಲು. ಅದು ಯಾರೂ ಆರಿಸಿಕೊಂಡದ್ದಲ್ಲ, ಬಾಡಿಗೆ ಕಡಿಮೆ ಅಂತ ಇದ್ದದ್ದು.

ಡೆನ್ಮಾರ್ಕಿನಲ್ಲಿ ಇಂಥ ಮನೆಗಳು 1972ರಲ್ಲೇ ಎದ್ದಿವೆ, ಒಂದೇ ಕಡೆ 27 ಕುಟುಂಬ, ವಾರದಲ್ಲಿ ಕೆಲವು ದಿನ ಒಟ್ಟಿಗೆ ಊಟ. ಮಗಳು ಫೋನಿನಲ್ಲಿ ತೋರಿಸಿ "ನಿನ್ನ ವಠಾರಕ್ಕೆ ಅಲ್ಲಿ ಕೋಹೌಸಿಂಗ್ ಅಂತಾರಮ್ಮ" ಅಂದಳು. ನಮಗೆ ಉಪಯೋಗಕ್ಕೆ ಬಂದದ್ದು ಅದೇ 1972ರ ಇನ್ನೊಂದು ಸಂಗತಿ, ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ. ಮನೆ ಅವರವರ ಹೆಸರಿಗೆ, ಅಂಗಳ ಅಡುಗೆಮನೆ ಸಂಪು ಎಲ್ಲರ ಪಾಲು ಅಂತ ಡಿಕ್ಲರೇಷನ್ ಬರೆಸಿ ರಿಜಿಸ್ಟರ್ ಮಾಡಿಸಿದೆವು. ಸಾಲಕ್ಕೆ ಹೋದರೆ "ಒಂದು ಅಡುಗೆಮನೆಗೆ ಆರು ಮಾಲೀಕರಾ?" ಅಂತ ಒಂದು ಬ್ಯಾಂಕಿನವರು ಫೈಲ್ ವಾಪಸ್ ಕೊಟ್ಟರು. ಆ ಕಥೆ ಬೇಡ ಬಿಡಿ.

ಬಂದವರು ಯಾರು ಅಂದರೆ, ನಾನು ಅಂದುಕೊಂಡವರಲ್ಲ. ವಯಸ್ಸಾದವರೇ ಬರ್ತಾರೆ ಅಂದುಕೊಂಡಿದ್ದೆ. ಮೊದಲು ದುಡ್ಡು ಕಟ್ಟಿದ್ದು ಮೂವತ್ತೆರಡರ ನರ್ಸ್, ನೈಟ್ ಡ್ಯೂಟಿ ಇದ್ದಾಗ ಮಗು ಎಲ್ಲಿ ಮಲಗಬೇಕು ಅನ್ನೋದೇ ಆಕೆಯ ಚಿಂತೆ. ಆಮೇಲೆ ದಿನಾ ರೈಲಿನಲ್ಲಿ ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರ್ ಹೋಗಿ ಬರೋ ಗಂಡ ಹೆಂಡತಿ. ರಾತ್ರಿ ಒಂಬತ್ತಕ್ಕೆ ಬಂದು ಕುಕ್ಕರ್ ಇಡೋಕೆ ಇಬ್ಬರಿಗೂ ಜೀವ ಇರಲ್ಲ, ಬಿಸಿ ಮುದ್ದೆ ಸಿಕ್ಕಿದರೆ ಸಾಕು ಅಂತ ಬಂದರು. ಸಿದ್ಧಗಂಗಾ ಮಠದ ಹಾಸ್ಟೆಲ್‌ನಲ್ಲಿ ಓದಿದ ಮೇಷ್ಟ್ರೊಬ್ಬರು ಇದ್ದಾರೆ, ಸಾವಿರಾರು ಹುಡುಗರ ಜೊತೆ ಪಂಕ್ತಿಯಲ್ಲಿ ಉಂಡವರು. ಅವರಿಗೆ ಆರು ಮನೆ ಅಂದರೆ ಸುಮ್ನೆ ಏಕಾಂತ. ಮಕ್ಕಳು ಅಮೆರಿಕದಲ್ಲಿರೋ ದಂಪತಿ ಒಬ್ಬರು. ಆರನೆಯವರು "ಎಲ್ಲರೂ ಒಂದೇ ಕುಟುಂಬದ ಹಾಗೆ ಇರಬೇಕು" ಅಂತ ಪ್ರತಿ ಮೀಟಿಂಗ್‌ನಲ್ಲೂ ಹೇಳುತ್ತಿದ್ದವರು. ಮೊದಲು ಮನೆ ಮಾರಿ ಹೋದವರೂ ಅವರೇ. ಪಾಪ, ಕುಟುಂಬದಲ್ಲಿ ಪಾತ್ರೆ ತೊಳೆಯೋ ಸರದಿ ಬರುತ್ತೆ ಅಂತ ಅವರಿಗೆ ಅಂದಾಜಿರಲಿಲ್ಲ ಅಂತ ಕಾಣುತ್ತೆ.

ಅಡುಗೆಮನೆ ಬಾಗಿಲ ಪಕ್ಕ ಒಂದು ಕರಿಹಲಗೆ ಇದೆ. ರಾತ್ರಿ ಊಟಕ್ಕೆ ಯಾರು ಇರ್ತಾರೋ ಅವರು ಬೆಳಗ್ಗೆ ಹತ್ತರೊಳಗೆ ಮನೆ ನಂಬರ್ ಮುಂದೆ ಎಷ್ಟು ಜನ ಅಂತ ಬರೀಬೇಕು. ಬರೆಯದಿದ್ದರೆ ಮುದ್ದೆ ಇಲ್ಲ. ಈ ನಿಯಮ ಮಾಡಿದ್ದು ನಾನು, ಮೂರನೇ ದಿನ ಉಪವಾಸ ಮಲಗಿದ್ದೂ ನಾನೇ.

ಜಗಳ ಬರೋದು ದುಡ್ಡಿಗಲ್ಲ, ಮೋಟರಿಗೆ. ಒಂದು ಭಾನುವಾರ ಮೋಟರ್ ಹಾಕಿ ಫೋನಿನಲ್ಲಿ ಮಾತಾಡುತ್ತಾ ಕೂತುಬಿಟ್ಟೆ. ಟ್ಯಾಂಕ್ ತುಂಬಿ ತಾರಸಿ ಮೇಲೆಲ್ಲ ನೀರು. ಅಮೆರಿಕದ ಮಕ್ಕಳಿಗೆ ಕಳಿಸೋಕೆ ಅಂತ ಆ ಅಮ್ಮ ಒಣಗಿಸಿದ್ದ ಸಂಡಿಗೆ ಗಂಜಿ ಆಗಿ ಸೀರೆಗೆ ಅಂಟಿಕೊಂಡಿತ್ತು. ನಾಲ್ಕು ದಿನ ಆಕೆ ನನ್ನ ಜೊತೆ ಮಾತಾಡಲಿಲ್ಲ, ಆದರೆ ನನ್ನ ಪಾಲಿನ ಸಾರು ಮುಚ್ಚಿಡೋದನ್ನು ಬಿಡಲಿಲ್ಲ. ಐದನೇ ದಿನ ಇಬ್ಬರೂ ಕೂತು ಹೊಸದಾಗಿ ಸಂಡಿಗೆ ಇಟ್ಟೆವು. ಈಗ ಮೋಟರಿಗೆ ಆಟೋಮ್ಯಾಟಿಕ್ ಸ್ವಿಚ್ ಇದೆ, ಖರ್ಚು ನನ್ನದು.

ದುಡ್ಡು ಉಳಿಯುತ್ತೆ ಅಂತ ಬರೋರಿಗೆ ನೇರವಾಗಿ ಹೇಳ್ತೀನಿ, ಅಂಥಾದ್ದೇನೂ ಉಳಿಯಲ್ಲ. ಗ್ಯಾಸು ತರಕಾರಿಯಲ್ಲಿ ಸ್ವಲ್ಪ ಉಳಿದದ್ದು ರಿಪೇರಿಗೆ ಹೋಗುತ್ತೆ.

ಆರನೇ ಮನೆ ಕೊಂಡವರು ಅದನ್ನು ಬಾಡಿಗೆಗೆ ಬಿಟ್ಟಿದ್ದಾರೆ, ಬರೋರನ್ನು ನೋಡೋ ಕೆಲಸ ನನ್ನದು. ನಾನು ಕೇಳೋದು ಒಂದೇ, "ಸಾರಿಗೆ ಉಪ್ಪು ಕಮ್ಮಿ ಆದರೆ ಏನು ಮಾಡ್ತೀರ?" "ಅಯ್ಯೋ, ಅಡ್ಜಸ್ಟ್ ಮಾಡ್ಕೋತೀನಿ" ಅನ್ನೋರನ್ನು ಕಂಡರೆ ನನಗೆ ಭಯ, ಒಳಗೇ ಇಟ್ಟುಕೊಂಡು ಆರು ತಿಂಗಳಿಗೆ ಸಿಡಿಯೋರು ಅವರೇ. ಹೋದ ವಾರ ಬಂದ ಹುಡುಗಿ ಉತ್ತರ ಕೊಡಲೇ ಇಲ್ಲ, "ಉಪ್ಪಿನ ಡಬ್ಬಿ ಎಲ್ಲಿಡ್ತೀರ ಆಂಟಿ?" ಅಂತ ಕೇಳಿದಳು. ಒಂದನೇ ತಾರೀಕು ಸಾಮಾನು ತರ್ತಾಳೆ.