ಮಳೆಯಲ್ಲಿ ಟ್ರ್ಯಾಕ್ ಸರ್ಕ್ಯೂಟ್ ಕೈಕೊಟ್ಟರೆ ನಾನು ಮಾಡುವುದು

ಮಳೆಗಾಲ ಬಂತೆಂದರೆ ಸಿಗ್ನಲ್ ಮೆಂಟೇನರ್‌ಗೆ ಬರುವ ಕರೆಗಳು ಜಾಸ್ತಿ. "ಹಳಿ ಮೇಲೆ ಗಾಡಿಯೇ ಇಲ್ಲ, ಸ್ಟೇಷನ್ ಪ್ಯಾನೆಲ್ ಮಾತ್ರ ಗಾಡಿ ಇದೆ ಅಂತ ತೋರಿಸ್ತಿದೆ" ಅಂತ ಸ್ಟೇಷನ್ ಮಾಸ್ಟರ್ ಹೇಳಿದರೆ ನಾನು ನೇರ ಟ್ರ್ಯಾಕ್ ಸರ್ಕ್ಯೂಟ್ ಹತ್ತಿರ ಹೋಗುತ್ತೇನೆ.

ಇದು ಸರಳ ಏರ್ಪಾಡು. ಹಳಿಯ ಒಂದು ಭಾಗದ ಈ ತುದಿಗೆ ಬ್ಯಾಟರಿ, ಆ ತುದಿಗೆ ರಿಲೇ, ಅಂದರೆ ಕರೆಂಟ್ ಬಂದರೆ ಏಳುವ, ನಿಂತರೆ ಬೀಳುವ ಸ್ವಿಚ್. ಹಳಿಗಳ ಮೂಲಕ ಕರೆಂಟ್ ಬಂದು ರಿಲೇ ಎದ್ದಿದ್ದರೆ ದಾರಿ ಖಾಲಿ. ಗಾಡಿ ಬಂದರೆ ಗಾಲಿ ಮತ್ತು ಅಚ್ಚು ಎರಡೂ ಹಳಿಗಳನ್ನು ಶಾರ್ಟ್ ಮಾಡುತ್ತವೆ. ರಿಲೇ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ವೈರ್ ಕಡಿದರೂ, ಬ್ಯಾಟರಿ ಸತ್ತರೂ ಕೆಂಪೇ. 1872ರಲ್ಲಿ ವಿಲಿಯಂ ರಾಬಿನ್ಸನ್ ಪೇಟೆಂಟ್ ಪಡೆದ ಉಪಾಯ ಇದು. ಇವತ್ತಿಗೂ ನಮ್ಮ ಕೈಲಿರುವುದು ಅದೇ.

ಮಳೆಗೆ ಜಲ್ಲಿ ನೆನೆದು ಕೆಸರು ತುಂಬಿದರೆ ಕರೆಂಟ್ ಒಂದು ಹಳಿಯಿಂದ ಇನ್ನೊಂದಕ್ಕೆ ಸೋರುತ್ತದೆ. ರಿಲೇಗೆ ಸಾಲುವುದಿಲ್ಲ. ಬ್ಯಾಟರಿ ಕಡೆ ಕರೆಂಟನ್ನು ಹಿಡಿತದಲ್ಲಿಡುವ ರೆಸಿಸ್ಟೆನ್ಸ್ ಸ್ವಲ್ಪ ಇಳಿಸಿದರೆ ರಿಲೇ ಟಕ್ ಅಂತ ಏಳುತ್ತದೆ, ಗಾಡಿ ಹೊರಡುತ್ತದೆ, ಎಲ್ಲರಿಗೂ ಖುಷಿ. ಆದರೆ ಬಿಸಿಲು ಬಿದ್ದು ಜಲ್ಲಿ ಒಣಗಿದ ಮೇಲೆ ಏನಾಗುತ್ತದೆ? ಸೋರಿಕೆ ನಿಂತು ರಿಲೇಗೆ ಬೇಕಾದ್ದಕ್ಕಿಂತ ಜಾಸ್ತಿ ಕರೆಂಟ್ ಸಿಗುತ್ತದೆ. ಮೇಲೆ ಗಾಡಿ ನಿಂತಿದ್ದರೂ ರಿಲೇ ಬೀಳದೇ ಇರಬಹುದು. ನನಗೆ ಭಯ ಇರುವುದು ಇದರದ್ದೇ, ಕೆಂಪಿನದ್ದಲ್ಲ.

ಅದಕ್ಕೇ ಮೊದಲು ರೆಸಿಸ್ಟೆನ್ಸ್ ಮುಟ್ಟುವುದಿಲ್ಲ. ಪಕ್ಕದ ಭಾಗದ ಹಳಿಗೆ ಕರೆಂಟ್ ದಾಟದಂತೆ ತಡೆಯುವ ಇನ್ಸುಲೇಟೆಡ್ ಜಾಯಿಂಟ್ ಹತ್ತಿರ ಕೂತು ನೋಡುತ್ತೇನೆ. ಗಾಲಿಗಳ ಹೊಡೆತಕ್ಕೆ ಹಳಿಯ ತಲೆಯ ಉಕ್ಕು ಚಪ್ಪಟೆಯಾಗಿ, ತೆಳ್ಳನೆಯ ನಾಲಿಗೆಯ ಹಾಗೆ ಸಂದಿಯ ಮೇಲೆ ಚಾಚಿಕೊಂಡಿರುತ್ತದೆ. ಅದರಡಿ ಕಬ್ಬಿಣದ ಪುಡಿ, ಒದ್ದೆ ಮಣ್ಣು. ಚಾಚಿದ ಉಕ್ಕನ್ನು ಕತ್ತರಿಸಿ, ಅರ ಹಾಕಿ, ಬ್ರಶ್‌ನಿಂದ ಪುಡಿ ತೆಗೆದು ಮೀಟರ್ ಹಿಡಿಯುತ್ತೇನೆ. ಎಷ್ಟೋ ಸಲ ಅಷ್ಟಕ್ಕೇ ವೋಲ್ಟೇಜ್ ಸರಿಹೋಗುತ್ತದೆ. ಕೆಸರಿನದೇ ತೊಂದರೆಯಾದರೆ ಹಳಿ ಮತ್ತು ಚರಂಡಿ ನೋಡಿಕೊಳ್ಳುವವರನ್ನು ಕರೆಸುತ್ತೇನೆ.

ಹೊಂದಾಣಿಕೆ ಬದಲಿಸಲೇಬೇಕಾಗಿ ಬಂದರೆ ಗಾಡಿಯ ಗಾಲಿಗೆ ಬದಲಾಗಿ 0.5 ಓಮ್ ರೆಸಿಸ್ಟೆನ್ಸನ್ನು ಎರಡೂ ಹಳಿಗೆ ಅಡ್ಡ ಇಟ್ಟು ರಿಲೇ ಬೀಳುತ್ತದೆಯೇ ನೋಡುತ್ತೇನೆ. ಮಳೆ ನಿಂತು ಜಲ್ಲಿ ಒಣಗಿದ ಮೇಲೆ ಮತ್ತೆ ಬಂದು ನೋಡುತ್ತೇನೆ. ಒದ್ದೆ ಜಲ್ಲಿಯಲ್ಲಿ ಪಾಸಾದದ್ದು ಒಣ ಜಲ್ಲಿಗೆ ಸಾಕ್ಷಿಯಲ್ಲ, ಅಲ್ವಾ? ಗಾಡಿ ಅಪರೂಪಕ್ಕೆ ಬರುವ ಸೈಡಿಂಗ್‌ನಲ್ಲಿ ತುಕ್ಕಿನ ಮೇಲೂ ಕಣ್ಣಿಡುತ್ತೇನೆ. ತುಕ್ಕಿದ್ದರೆ ಗಾಲಿ ಸರಿಯಾಗಿ ಶಾರ್ಟ್ ಮಾಡುವುದಿಲ್ಲ.

ವೈರ್ ವಿಷಯದಲ್ಲಿ ನಾನು ಇನ್ನೂ ಹಠಮಾರಿ. 1988ರ ಡಿಸೆಂಬರ್ 12ರಂದು ಲಂಡನ್‌ನ ಕ್ಲಾಪಮ್ ಜಂಕ್ಷನ್ ಬಳಿ ಗಾಡಿಗಳು ಡಿಕ್ಕಿಯಾಗಿ 35 ಜನ ಸತ್ತರು. ಬದಲಿಸಿದ ಹಳೇ ವೈರನ್ನು ಪೂರ್ತಿ ತೆಗೆದಿರಲಿಲ್ಲ. ಅದು ಟರ್ಮಿನಲ್‌ಗೆ ತಾಗಿ ರಿಲೇಗೆ ಕರೆಂಟ್ ಕೊಟ್ಟಿತು, ಗಾಡಿ ಇದ್ದರೂ ಸಿಗ್ನಲ್ ಕೆಂಪಾಗಲಿಲ್ಲ. ಕೆಲಸ ಮಾಡಿದ ತಂತ್ರಜ್ಞನಿಗೆ 13 ವಾರಗಳಲ್ಲಿ ಸಿಕ್ಕಿದ್ದು ಒಂದೇ ದಿನ ರಜೆ. ವೈರ್ ಎಣಿಕೆಯೂ ನಡೆದಿರಲಿಲ್ಲ. ನಾನು ಹಳೇ ವೈರನ್ನು ಎರಡೂ ತುದಿಯಿಂದ ಬಿಚ್ಚಿ ಹೊರಗೆ ತೆಗೆಯುತ್ತೇನೆ. ಟರ್ಮಿನಲ್‌ನಲ್ಲಿರುವ ವೈರ್‌ಗಳನ್ನು ನಕ್ಷೆಗೆ ತಾಳೆ ನೋಡಿ ಎಣಿಸುತ್ತೇನೆ, ಇನ್ನೊಬ್ಬರಿಂದಲೂ ಎಣಿಕೆ ಮಾಡಿಸುತ್ತೇನೆ. ಗಾಡಿ ಎಷ್ಟೇ ಲೇಟಾಗಿರಲಿ, ರಿಲೇ ಬಿದ್ದದ್ದನ್ನು ಕಣ್ಣಾರೆ ಕಂಡ ಮೇಲೇ ರಿಜಿಸ್ಟರ್‌ಗೆ ನನ್ನ ಸಹಿ.