ನೋಟಿಲ್ಲದ ನಾಣ್ಯ: ನೆರೆಹೊರೆಯಲ್ಲಿ ಗಂಟೆಯ ಲೆಕ್ಕ ಆರಂಭಿಸುವ ಬಗೆ

ಒಂದು ಊರಿನವರು ತಮ್ಮೊಳಗಿನ ಕೊಡುಕೊಳ್ಳುವಿಕೆಗೆ ತಾವೇ ನಡೆಸುವ ಸಮುದಾಯ ನಾಣ್ಯವೆಂದರೆ ಬಣ್ಣದ ನೋಟು ಅಚ್ಚು ಹಾಕಿಸುವುದೆಂದು ಭಾವಿಸಿರುವವರು ಆ ಆಸೆಯನ್ನು ಮೊದಲೇ ಬಿಡುವುದು ಒಳ್ಳೆಯದು. ಕೇಳಿದೊಡನೆ ಧಾರಕನಿಗೆ ಹಣ ಕೊಡುವೆನೆಂಬ ವಾಗ್ದಾನ ಪತ್ರವನ್ನು ಖಾಸಗಿಯವರು ಹೊರಡಿಸುವುದನ್ನು 1934ರ ರಿಸರ್ವ್ ಬ್ಯಾಂಕ್ ಕಾಯಿದೆಯ 31ನೇ ಕಲಮು ನಿಷೇಧಿಸುತ್ತದೆ. ಆಸ್ಟ್ರಿಯಾದ ವೋರ್ಗಲ್ ಪಟ್ಟಣವು 1932ರಲ್ಲಿ ಹೊರಡಿಸಿದ ನೋಟು ತಿಂಗಳಿಗೆ ಶೇ. 1ರಷ್ಟು ಬೆಲೆ ಕಳೆದುಕೊಳ್ಳುತ್ತಿದ್ದುದರಿಂದ ಯಾರೂ ಅದನ್ನು ಕೂಡಿಡದೆ ಚಲಾವಣೆಯಲ್ಲಿಟ್ಟರು. ಆದರೆ ಅಲ್ಲಿನ ಕೇಂದ್ರ ಬ್ಯಾಂಕು ಮರುವರ್ಷವೇ ಅದನ್ನು ನಿಲ್ಲಿಸಿತು.

ನಮ್ಮಲ್ಲಿಗೆ ಹೊಂದುವುದು, ಒಬ್ಬರಿಗೊಬ್ಬರು ಮಾಡಿಕೊಟ್ಟ ಕೆಲಸದ ಗಂಟೆಗಳನ್ನು ಬರೆದಿಡುವ ಪುಸ್ತಕದ ಲೆಕ್ಕ. 1983ರಲ್ಲಿ ಕೆನಡಾದಲ್ಲಿ ಮೈಕೆಲ್ ಲಿಂಟನ್ ರೂಪಿಸಿದ ‘ಲೆಟ್ಸ್’ ಪದ್ಧತಿಯಲ್ಲಿ ಒಬ್ಬರ ಖಾತೆಗೆ ಜಮೆಯಾದಷ್ಟು ಇನ್ನೊಬ್ಬರ ಖಾತೆಯಲ್ಲಿ ಕಳೆಯುವುದರಿಂದ ಎಲ್ಲರ ಬಾಕಿ ಕೂಡಿದರೆ ಯಾವಾಗಲೂ ಸೊನ್ನೆ. ಮುಯ್ಯಾಳಿನ ಲೆಕ್ಕ ಬಲ್ಲ ಊರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮುಯ್ಯಿ ಇಬ್ಬರ ನಡುವೆ ತೀರುತ್ತದೆ, ಇಲ್ಲಿ ಅದು ಮೂರನೆಯವರ ಮೂಲಕವೂ ತೀರಬಹುದು.

ಉಡುಪಿಯ ಒಂದು ಬಡಾವಣೆಯ ಇಪ್ಪತ್ತು ಮೂವತ್ತು ಮನೆಗಳು ಆರಂಭಕ್ಕೆ ಸಾಕು. ಪ್ರತಿ ಮನೆಯಿಂದ ಎರಡು ಪಟ್ಟಿ ಬರೆಸಿಕೊಳ್ಳಿ: ತಾವು ಮಾಡಿಕೊಡಬಲ್ಲ ಕೆಲಸ, ತಮಗೆ ಬೇಕಾದ ಕೆಲಸ. ಬಳಕೆಯನ್ನು ತಗ್ಗಿಸುವುದು ಗುರಿಯಾದ್ದರಿಂದ ಮಿಕ್ಸಿ ರಿಪೇರಿ, ಹಳೆಯ ಬಟ್ಟೆಯ ಹೊಲಿಗೆ, ಏಣಿಯನ್ನೋ ಡ್ರಿಲ್ ಯಂತ್ರವನ್ನೋ ಎರವಲು ಕೊಡುವುದು ಮುಂತಾದವುಗಳಿಗೆ ಆದ್ಯತೆಯಿರಲಿ. ಪುಸ್ತಕದ ಒಂದು ಸಾಲು ಹೀಗಿದ್ದರೆ ಸಾಕು: ‘ಮೇ 12, ಮನೆ 7ರವರು ಮನೆ 15ರ ಎರಡು ಕೊಡೆ ಸರಿಪಡಿಸಿದರು, 1 ಗಂಟೆ’, ಎದುರಿಗೆ ಇಬ್ಬರ ರುಜು.

ಅಮೆರಿಕದ ಎಡ್ಗರ್ ಕಾನ್ ಅವರ ಸಮಯ ಬ್ಯಾಂಕಿನಲ್ಲಿ ಎಲ್ಲರ ಗಂಟೆಗೂ ಒಂದೇ ಬೆಲೆ. ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವಂಥ ಕೆಲಸಕ್ಕೆ ಈ ನಿಯಮ ಬಹಳ ಚೆನ್ನಾಗಿ ಒಪ್ಪುತ್ತದೆ. ಆದರೆ ಮರಕ್ಕಿಷ್ಟೆಂದು ನಗದು ಪಡೆದು ಸಂಸಾರ ನಡೆಸುವ ತೆಂಗಿನಕಾಯಿ ಕೀಳುವವರನ್ನು ಈ ಲೆಕ್ಕಕ್ಕೆ ಎಳೆಯುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಅವರ ಕೂಲಿ ರೂಪಾಯಿಯಲ್ಲೇ ಸಲ್ಲಲಿ. (ಸಮಾನತೆಯ ಹೆಸರಿನಲ್ಲಿ ಅಗ್ಗದ ದುಡಿಮೆ ಪಡೆಯುವ ಚಪಲ ಒಳ್ಳೆಯವರಲ್ಲೂ ಇರುತ್ತದೆ.)

ಜಮೆಗೂ ಸಾಲಕ್ಕೂ ಹತ್ತು ಗಂಟೆಯ ಮಿತಿ ಇರಲಿ. ಸಾಲಗಾರರ ಮೇಲೆ ಎಲ್ಲರ ಕಣ್ಣಿರುತ್ತದೆ. ಆದರೆ ಗಂಟೆ ಕೂಡಿಟ್ಟು ಸಂಕೋಚದಿಂದ ಏನನ್ನೂ ಕೇಳದವರಿಂದಲೂ ವಿನಿಮಯ ನಿಲ್ಲುತ್ತದೆ. ಅಂಥವರ ಮನೆಗೆ ನಿರ್ವಾಹಕರೇ ಹೋಗಿ ‘ನಿಮಗೇನು ಮಾಡಿಸಿಕೊಡೋಣ?’ ಎಂದು ವಿಚಾರಿಸಬೇಕು.

ಲೆಕ್ಕ ಕುದುರಿದ ಮೇಲೆ ಅಂಗಡಿಗಳನ್ನು ಸೇರಿಸಬಹುದು. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ 2002ರಲ್ಲಿ ಬಂದ ‘ನು ಸ್ಪಾರ್‌ಪಾಸ್’ ಕಾರ್ಡಿನಲ್ಲಿ ಕಸ ವಿಂಗಡಿಸಿದವರಿಗೆ, ಪರಿಸರಸ್ನೇಹಿ ವಸ್ತು ಕೊಂಡವರಿಗೆ ಅಂಕ ಸಿಗುತ್ತಿತ್ತು. ಅದನ್ನು ಸಾರ್ವಜನಿಕ ಸಾರಿಗೆಗೆ ಬಳಸಬಹುದಿತ್ತು. ಇಲ್ಲಿ ಮಟ್ಟುಗುಳ್ಳ ಬದನೆ ಮಾರುವ ರೈತರಿಗೆ ಸದಸ್ಯರು ಹಣವನ್ನೇ ಕೊಟ್ಟು, ಮನೆಯಿಂದಲೇ ಚೀಲ ತಂದವರಿಗೆ ಸಂಘವು ಕಾಲು ಗಂಟೆ ಜಮೆ ಮಾಡಬಹುದು. ಆ ಕಾಲು ಗಂಟೆಯನ್ನು ಸಂಘದ ಸಾಮಾನ್ಯ ಖಾತೆಯಲ್ಲಿ ಖರ್ಚು ಹಾಕದಿದ್ದರೆ ಮೊತ್ತ ಸೊನ್ನೆಗೆ ಬರುವುದಿಲ್ಲ.

ಮಣಿಪಾಲದಂಥ ಕಡೆ ಬಾಡಿಗೆಯವರು ಬದಲಾಗುತ್ತಲೇ ಇರುವುದರಿಂದ, ಮನೆ ಖಾಲಿ ಮಾಡುವವರು ಒಂದು ತಿಂಗಳು ಮೊದಲೇ ತಿಳಿಸಿ ಬಾಕಿ ದುಡಿದು ತೀರಿಸಬೇಕೆಂದು ಸೇರುವಾಗಲೇ ಬರೆಸಿಕೊಳ್ಳಿ. ಆದರೂ ಉಳಿದ ಸಾಲವನ್ನು ಸಾಮಾನ್ಯ ಖಾತೆಗೆ ವರ್ಗಾಯಿಸಿ, ಮುಂದಿನ ಸಭೆಯಲ್ಲಿ ಎಲ್ಲರ ಮುಂದೆ ಓದಿ ಹೇಳಿ.