ಶೇಂಗಾ ಗಿಡ ಬಾಡಿದರೆ: ಗೊಣ್ಣೆಹುಳುವೋ, ಗೆದ್ದಲೋ?

ಶೇಂಗಾ ಹೊಲದಲ್ಲಿ ಅಲ್ಲಲ್ಲಿ ಗಿಡಗಳು ಹಳದಿಯಾಗಿ ಬಾಡತೊಡಗಿದಾಗ, ಔಷಧಿ ತರಲು ಹೋಗುವ ಮೊದಲು ಗುದ್ದಲಿ ಹಿಡಿಯಬೇಕು. ಪೂರ್ತಿ ಒಣಗಿದ ಗಿಡವನ್ನು ಬಿಟ್ಟು, ಅದರ ಪಕ್ಕದಲ್ಲಿ ಈಗಷ್ಟೇ ಬಾಡುತ್ತಿರುವ ಗಿಡವನ್ನು ಆರಿಸಿಕೊಂಡು, ಬುಡದ ಸುತ್ತಲಿನ ಮಣ್ಣನ್ನು ಅಗೆದು ಗೋಣಿಚೀಲದ ಮೇಲೆ ಹರವಿ ನೋಡಬೇಕು. ಸತ್ತ ಗಿಡಕ್ಕೆ ಗೆದ್ದಲು ಆಮೇಲೆಯೂ ಬಂದು ಸೇರುತ್ತದೆ. ಅದನ್ನೇ ಕೊಂದ ಕೀಟವೆಂದು ತೀರ್ಮಾನಿಸುವಷ್ಟರಲ್ಲಿ ಗೊಣ್ಣೆಹುಳು ಸಾಲಿನ ಮುಂದಿನ ಗಿಡಗಳನ್ನು ತಲುಪಿರುತ್ತದೆ.

ಗೊಣ್ಣೆಹುಳು ಕವಲುಬೇರುಗಳನ್ನೂ ಬೇರಿನ ಗಂಟುಗಳನ್ನೂ ಕಡಿದು ತಿನ್ನುವುದರಿಂದ ಗಿಡವನ್ನು ಮೆಲ್ಲನೆ ಎಳೆದರೂ ಕಿತ್ತು ಬರುತ್ತದೆ. ಅರ್ಧಚಂದ್ರದಂತೆ ಬಾಗಿದ ಬಿಳಿ ದೇಹ, ಕಂದು ತಲೆ, ಎದೆಯ ಭಾಗದಲ್ಲಿ 3 ಜೊತೆ ಕಾಲು ಇದ್ದರೆ ಅನುಮಾನವೇ ಬೇಡ. ಗೆದ್ದಲು ಹಾಗಲ್ಲ, ಅದು ತಾಯಿಬೇರನ್ನು ಒಳಗಿನಿಂದ ಕೊರೆದು ಟೊಳ್ಳು ಮಾಡಿ, ಆ ಜಾಗದಲ್ಲಿ ಮಣ್ಣು ತುಂಬುತ್ತದೆ. ಕಾಯಿಯ ಸಿಪ್ಪೆಯನ್ನೂ ಅದು ಕೆರೆಯುತ್ತದೆ. ಇಳುವರಿ ಕಡಿಮೆಯಾಗುವುದಕ್ಕಿಂತ ಇದೇ ನನಗೆ ಹೆಚ್ಚು ಆತಂಕದ ವಿಷಯ, ಏಕೆಂದರೆ ಕೆರೆದ ಸಿಪ್ಪೆಯ ಮೂಲಕ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಒಳಹೊಕ್ಕು, ಬೀಜದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡಬಲ್ಲದು.

ಬೇರು ಯಾವ ಗಾಯವೂ ಇಲ್ಲದೆ ಬುಡ ಮಾತ್ರ ಕೊಳೆತಿದ್ದರೆ ಅದು ರೋಗವೇ ಹೊರತು ಕೀಟವಲ್ಲ.

ಗೊಣ್ಣೆಹುಳುವಿನ ಹತೋಟಿ ಬಿತ್ತನೆಗೂ ಮೊದಲೇ ಆರಂಭವಾಗಬೇಕು. ಮುಂಗಾರಿನ ಮೊದಲ ಹದಮಳೆ ಬಿದ್ದ ಸಂಜೆ, ಕತ್ತಲಾಗುತ್ತಿದ್ದಂತೆ ಅದರ ಪ್ರೌಢ ರೂಪವಾದ ದುಂಬಿಗಳು ಮಣ್ಣಿನಿಂದೆದ್ದು ಬೇವು, ಬೋರೆ, ಜಾಲಿ ಮರಗಳ ಎಲೆ ತಿನ್ನಲು ಸೇರುತ್ತವೆ. ಆಗ ಕೊಂಬೆ ಅಲುಗಾಡಿಸಿ, ಉದುರಿದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಬೇಕು. ವರ್ಷಕ್ಕೆ ಒಂದೇ ಪೀಳಿಗೆಯಾದ್ದರಿಂದ ಮೊಟ್ಟೆಯಿಡುವ ಮೊದಲು ಹಿಡಿದ ಪ್ರತಿ ಹೆಣ್ಣು ದುಂಬಿಯೂ ಲೆಕ್ಕಕ್ಕೆ ಬರುತ್ತದೆ. ಊರಿನವರೆಲ್ಲ ಒಟ್ಟಾಗಿ ಮಾಡಿದರೆ ಮಾತ್ರ ಫಲ ಪೂರ್ಣ. ಉಳಿದ ಮರಿಹುಳುಗಳಿಗೆ, ಕೀಟಗಳಿಗೆ ರೋಗ ತಗುಲಿಸಿ ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರವನ್ನು ಕಳಿತ ಗೊಬ್ಬರದಲ್ಲಿ ಬೆರೆಸಿ, ತೇವವಿರುವಾಗ ಮಣ್ಣಿಗೆ ಸೇರಿಸಬಹುದು. ಹುಳು ಬೆಳವಣಿಗೆಯ 3ನೆಯ ಹಂತಕ್ಕೆ ಬಲಿತ ಮೇಲೆ ಹತೋಟಿ ಬಹಳ ಕಷ್ಟ.

ಗೆದ್ದಲಿಗೆ ಇಂಥ ಒಂದು ಸಂಜೆಯೆಂಬುದಿಲ್ಲ. ಮಳೆ ಕೈಕೊಟ್ಟು ಮಣ್ಣು ಒಣಗಿದಾಗ ಅದರ ಹಾವಳಿ ಏರುತ್ತದೆ. ಬದುವಿನ ಹುತ್ತವನ್ನು ಬರೀ ಮೇಲೆ ಒಡೆದರೆ ಸಾಲದು, ಅಗೆದು ರಾಣಿಯನ್ನು ತೆಗೆಯಬೇಕು. ಹಸಿ ಸಗಣಿಯನ್ನೂ ಹಿಂದಿನ ಬೆಳೆಯ ಕೂಳೆಯನ್ನೂ ಹೊಲದಲ್ಲಿ ಉಳಿಸಬಾರದು. ನೀರಿದ್ದವರು ಒಣಹವೆಯಲ್ಲಿ ಒಮ್ಮೆ ಹಾಯಿಸಬೇಕು. ಕಾಯಿ ಬಲಿತ ಕೂಡಲೇ ಬೆಳೆ ಕಿತ್ತು, ಗೆದ್ದಲು ಕೆರೆದ ಕಾಯಿಗಳನ್ನು ಬೇರ್ಪಡಿಸಿ, ಉಳಿದವನ್ನು ಚೆನ್ನಾಗಿ ಒಣಗಿಸಿಯೇ ಚೀಲಕ್ಕೆ ತುಂಬಬೇಕು.